ಓದುಗರ ಪ್ರಶ್ನೆ: ಗಾಂಧೀಜಿ ಬಾಂಬ್ ಹಾಕುವ ಆಟವನ್ನು ಮಗನಿಗೆ ಕೊಡಬಹುದೇ?

ಪ್ರಶ್ನೆ: ನಮ್ಮ ಮಗನಿಗೆ ಹನ್ನೆರಡು ತುಂಬಿದೆ, ಏಳನೇ ತರಗತಿ. ರಜೆಗೆ ಬಂದಿದ್ದ ನನ್ನ ತಮ್ಮ ಲ್ಯಾಪ್‌ಟಾಪಿಗೆ ‘ಸಿವಿಲೈಸೇಶನ್ 6’ ಎಂಬ ಆಟ ಹಾಕಿಕೊಟ್ಟು, ‘ಅಕ್ಕಾ, ಇದು ಸುಮ್ಮನೆ ಗುಂಡು ಹಾರಿಸೋ ಆಟ ಅಲ್ಲ, ಚರಿತ್ರೆ ಕಲೀತಾನೆ ಬಿಡು’ ಎಂದು ಹೇಳಿ ಹೋದ. ಕಳೆದ ಭಾನುವಾರ ನಮ್ಮ ಮಾವನವರು ಹುಡುಗನ ಹಿಂದೆ ನಿಂತು ನೋಡುತ್ತಿದ್ದಾಗ ಗಾಂಧೀಜಿಯ ದೇಶದವರು ಇವನ ನಗರದ ಮೇಲೆ ಅಣುಬಾಂಬ್ ಹಾಕಿದರು. ಅಂದಿನಿಂದ ಮನೆಯಲ್ಲಿ ರಾಮಾಯಣ. ಮಗ ‘ಇನ್ನೊಂದೇ ಟರ್ನ್ ಅಮ್ಮ’ ಎನ್ನುತ್ತಾ ರಾತ್ರಿ ಹತ್ತು ದಾಟಿಸುತ್ತಾನೆ. ಆಟ ಅವನ ವಯಸ್ಸಿಗೆ ಸರಿಯೇ, ಅಳಿಸಿಹಾಕಲೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಾವನವರ ಸಿಟ್ಟಿನಿಂದಲೇ ಶುರು ಮಾಡೋಣ. ಮೊದಲು ಯುದ್ಧ ಸಾರಿದವರು ಯಾರು ಎಂದು ಮಗನನ್ನು ಕೇಳಿ. ಒಂದೊಂದು ದೇಶಕ್ಕೆ ಒಬ್ಬೊಬ್ಬ ನಾಯಕನಿರುವ ಆ ಆಟದಲ್ಲಿ ಗಾಂಧಿ ಪಾತ್ರಕ್ಕೆ ಶಾಂತಿಪಾಲಕನ ಸ್ವಭಾವ ಕೊಟ್ಟಿದ್ದಾರೆ. ಕಾರಣವಿಲ್ಲದೆ ಮೇಲೆ ಬೀಳುವ ಪಾತ್ರ ಅದಲ್ಲ. ಮೊದಲು ಕತ್ತಿ ಹಿರಿದವನು ನಿಮ್ಮ ಮಗನೇ ಇರುವ ಸಂಭವ ಹೆಚ್ಚು. ಇನ್ನು ಬಾಂಬಿನ ವಿಚಾರಕ್ಕೆ ಬಂದರೆ, ಅದು ಈ ಆಟದ ಸರಣಿಯಲ್ಲಿ ಬೆಳೆದು ಬಂದ ಒಂದು ತಮಾಷೆ. 1991ರ ಮೊದಲ ಆವೃತ್ತಿಯಲ್ಲಿ ಗಾಂಧಿಯ ಆಕ್ರಮಣಶೀಲತೆಗೆ 1 ಎಂಬ ಅಂಕಿ ಇತ್ತು, ಪ್ರಜಾಪ್ರಭುತ್ವ ಬಂದಾಗ ಅದರಿಂದ 2 ಕಳೆಯುತ್ತಿತ್ತು, ಋಣಸಂಖ್ಯೆ ಹಿಡಿಯಲಾರದ ಪ್ರೋಗ್ರಾಂ ಅದನ್ನು 255 ಎಂದು ಓದಿಕೊಂಡು ಮಹಾತ್ಮನನ್ನು ರಣೋನ್ಮತ್ತನನ್ನಾಗಿ ಮಾಡಿತು ಎಂಬ ಕಥೆ ಬಹಳ ವರ್ಷ ಓಡಾಡಿತು. ಆಟವನ್ನು ರೂಪಿಸಿದ ಸಿಡ್ ಮೈಯರ್ 2020ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಅಂಥ ದೋಷ ಇರಲೇ ಇಲ್ಲವೆಂದು ಹೇಳಿದರು. ಆದರೆ 2010ರ ಐದನೆಯ ಆವೃತ್ತಿಯಲ್ಲಿ, ಹತ್ತರವರೆಗೆ ಮಾತ್ರ ಇರಬೇಕಾದ ಗಾಂಧಿಯ ಅಣ್ವಸ್ತ್ರದ ಒಲವಿಗೆ ತಯಾರಕರು ಬೇಕೆಂದೇ 12 ಕೊಟ್ಟಿದ್ದರು. ಆರನೆಯದರಲ್ಲಿಯೂ ಆ ಚಾಳಿ ಮುಂದುವರಿದಿದೆ. ಮಾವನವರಿಗೆ ಈ ಹಾಸ್ಯ ರುಚಿಸದಿದ್ದರೆ ತಪ್ಪಿಲ್ಲ, ನನಗೂ ಅಷ್ಟಾಗಿ ರುಚಿಸಿಲ್ಲ. ಅದೇ ಪಾತ್ರಕ್ಕೆ ‘ಸತ್ಯಾಗ್ರಹ’ ಎಂಬ ಶಕ್ತಿಯನ್ನೂ ಕೊಟ್ಟಿದ್ದಾರೆ, ಭಾರತದ ಮೇಲೆ ಯುದ್ಧಕ್ಕೆ ಬಂದವರ ಪ್ರಜೆಗಳಿಗೆ ಯುದ್ಧದ ಬೇಸರ ಇಮ್ಮಡಿಯಾಗುತ್ತದೆ ಎಂಬುದನ್ನೂ ಅವರಿಗೆ ತಿಳಿಸಿ. ಒಂದು ಪಾತ್ರದೊಳಗೆ ಎರಡೂ ಇವೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ರಕ್ತಪಾತ, ಅಶ್ಲೀಲತೆಗಳ ದೃಷ್ಟಿಯಿಂದ ಈ ಆಟದಲ್ಲಿ ಹನ್ನೆರಡರ ಹುಡುಗನನ್ನು ಕೆಡಿಸುವಂಥದ್ದು ಬಹಳವಿಲ್ಲ. ಸೈನಿಕರು ಚದುರಂಗದ ಕಾಯಿಗಳ ಹಾಗೆ ಆರು ಮೂಲೆಯ ಮನೆಗಳ ಮೇಲೆ ನಿಲ್ಲುತ್ತಾರೆ, ಸೋತರೆ ಬಿದ್ದು ಮಾಯವಾಗುತ್ತಾರೆ. ಬಾಂಬ್ ಬಿದ್ದಾಗ ಅಣಬೆಯ ಮೋಡ ಏಳುತ್ತದೆ, ಸುತ್ತಲಿನ ಮನೆಗಳು ಹತ್ತು ಸರದಿಯ (ನಿಮ್ಮ ಮಗ ಹೇಳುವ ಟರ್ನಿನ) ಕಾಲ ವಿಷವಾಗುತ್ತವೆ. ಸುಟ್ಟ ಮನುಷ್ಯರನ್ನು ತೋರಿಸುವುದಿಲ್ಲ. ತೋರಿಸದೇ ಇರುವುದೇ ಒಂದು ತೊಂದರೆ ಎಂದು ಯಾರಾದರೂ ವಾದಿಸಿದರೆ ನಾನು ತಲೆಯಾಡಿಸುತ್ತೇನೆ. ಆದರೆ ನಿಮ್ಮ ಮನೆಯ ಕಷ್ಟ ಬಾಂಬಿನದಲ್ಲ, ರಾತ್ರಿ ಹತ್ತು ಗಂಟೆಯದು.

ಆ ಹತ್ತು ಗಂಟೆ ಹೇಗೆ ಆಗುತ್ತದೆ ಎಂಬುದನ್ನು ನಾನು ನನ್ನ ತಂಗಿಯ ಮಗಳ ಪಕ್ಕದಲ್ಲಿ ಕುಳಿತು ಕಂಡಿದ್ದೇನೆ. ಆಟ ಶುರುವಾಗುವುದು ಕ್ರಿಸ್ತಪೂರ್ವ 4000ದಲ್ಲಿ, ಒಬ್ಬ ವಲಸೆಗಾರ ಮತ್ತು ಒಬ್ಬ ಯೋಧನಿಂದ. ಮಾಮೂಲಿ ವೇಗದಲ್ಲಿ 500 ಸರದಿಗಳಾದ ಮೇಲೆ ಕ್ರಿಸ್ತಶಕ 2050ಕ್ಕೆ ಮುಗಿಯುತ್ತದೆ. ಎಪ್ಪತ್ತನಾಲ್ಕನೆಯ ಸರದಿಯಲ್ಲಿ ಅವಳ ಕಣಜ ಕಟ್ಟಿ ಮುಗಿಯಲು ಎರಡು ಸರದಿ ಬಾಕಿ ಇತ್ತು, ನಾಣ್ಯದ ವಿದ್ಯೆ ಕೈಗೆ ಬರಲು ನಾಲ್ಕು ಸರದಿ, ಹೊಸ ನಗರ ಹೂಡಲು ಹೊರಟ ವಲಸೆಗಾರ ನದಿ ದಾಟಲು ಮೂರು ಸರದಿ. ಕಣಜ ಮುಗಿದಾಗ ನಾಣ್ಯಕ್ಕೆ ಎರಡೇ ಉಳಿದಿರುತ್ತದೆ. ನಾಣ್ಯ ಬಂದಾಗ ಹೊಸ ನಗರದಲ್ಲಿ ಏನೋ ಅರ್ಧವಾಗಿರುತ್ತದೆ. ಎಲ್ಲವೂ ಒಟ್ಟಿಗೆ ಮುಗಿದು ಎದ್ದು ಹೋಗೋಣ ಎನ್ನಿಸುವ ಗಳಿಗೆ ಈ ಆಟದಲ್ಲಿ ಬರುವುದೇ ಇಲ್ಲ, ಬರಬಾರದು ಎಂದೇ ಅದನ್ನು ಹೆಣೆದಿದ್ದಾರೆ. ಗೆದ್ದ ಮೇಲೂ ‘ಇನ್ನೊಂದು ಸರದಿ’ ಎಂಬ ಗುಂಡಿ ಕಾಣಿಸುತ್ತದೆ, ಅಂದರೆ ನಿಮ್ಮ ಮಗ ಹೇಳುವ ಮಾತು ಅವನದಲ್ಲ, ಆಟದ್ದೇ.

ಇಲ್ಲಿ ನಿಮಗೊಂದು ಅನುಕೂಲವೂ ಇದೆ. ಒಬ್ಬನೇ ಕಂಪ್ಯೂಟರ್ ಎದುರಿಗೆ ಆಡುವಾಗ ಇದರಲ್ಲಿ ಗಡಿಯಾರ ಓಡುವುದಿಲ್ಲ. ಮೊಬೈಲಿನ ಗುಂಡಿನ ಆಟಗಳಲ್ಲಿ ನಡುವೆ ಎದ್ದರೆ ಜೊತೆಗಾರರು ಬೈಯುತ್ತಾರೆ, ಸೋಲು ಗ್ಯಾರಂಟಿ. ಇದರಲ್ಲಿ ಊಟಕ್ಕೆ ಕರೆದ ಕ್ಷಣದಲ್ಲಿ ಎದ್ದರೂ ಚಕ್ರವರ್ತಿಯ ರಾಜ್ಯ ಇದ್ದಲ್ಲೇ ಇರುತ್ತದೆ, ಆಟ ತನ್ನಷ್ಟಕ್ಕೆ ತಾನೇ ಉಳಿಸಿಕೊಳ್ಳುತ್ತದೆ. ಆದ್ದರಿಂದ ‘ಈಗ ನಿಲ್ಲಿಸಕ್ಕಾಗಲ್ಲ’ ಎಂಬ ನೆಪವನ್ನು ನೀವು ನಂಬಬೇಕಾಗಿಲ್ಲ. ಹೊತ್ತಿನ ಲೆಕ್ಕಕ್ಕಿಂತ ಸರದಿಯ ಲೆಕ್ಕದಲ್ಲಿ ಒಪ್ಪಂದ ಮಾಡಿಕೊಳ್ಳಿ: ಇವತ್ತು ಮೂವತ್ತು ಸರದಿ, ಮೇಲಿನ ಮೂಲೆಯಲ್ಲಿ ಕಾಣುವ ಅಂಕಿ ಇಬ್ಬರಿಗೂ ಸಾಕ್ಷಿ. ಹಾಗೆಯೇ ಆಟ ಹೂಡುವಾಗ ಅತಿ ಚಿಕ್ಕ ಭೂಪಟವನ್ನೂ 250 ಸರದಿಗೆ ಮುಗಿಯುವ ವೇಗವನ್ನೂ ಆರಿಸಲು ಹೇಳಿ. ದೊಡ್ಡ ಭೂಪಟದಲ್ಲಿ ನಿಧಾನವಾಗಿ ಆಡುವ ಮಗು ಒಂದೇ ಆಟಕ್ಕೆ ಹದಿನೈದು ಇಪ್ಪತ್ತು ಗಂಟೆ ಸುರಿಯುತ್ತದೆ.

ನಿಮ್ಮ ತಮ್ಮ ಹೇಳಿದ ‘ಚರಿತ್ರೆ ಕಲೀತಾನೆ’ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹೆಸರುಗಳು ಬರುತ್ತವೆ, ನಿಜ. ಆರ್ಯಭಟ ವಿಜ್ಞಾನಿಯಾಗಿ ಬರುತ್ತಾನೆ, ರವೀಂದ್ರನಾಥ ಟ್ಯಾಗೋರ್ ಲೇಖಕರಾಗಿ ಬರುತ್ತಾರೆ, ಭಾರತಕ್ಕೆಂದೇ ಮೆಟ್ಟಿಲುಬಾವಿ ಕಟ್ಟುವ ಅವಕಾಶವಿದೆ. 2018ರ ವಿಸ್ತರಣೆಯಲ್ಲಿ (ಮೂಲ ಆಟಕ್ಕೆ ಬೇರೆಯಾಗಿ ಕೊಳ್ಳುವ ಸೇರ್ಪಡೆ) ಬಂದ ಚಂದ್ರಗುಪ್ತ ಮೌರ್ಯನಿಗೆ ‘ಅರ್ಥಶಾಸ್ತ್ರ’ ಎಂಬ ಶಕ್ತಿ ಕೊಟ್ಟಿದ್ದಾರೆ, ಅದು ನೆರೆಯವರ ನೆಲ ಕಬಳಿಸುವ ಯುದ್ಧಕ್ಕೆ ಒದಗುತ್ತದೆ. ಆ ಗ್ರಂಥದ ಓಲೆಗರಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು 1909ರಲ್ಲಿ ಅಚ್ಚಾಯಿತೆಂಬುದನ್ನು ಆಟ ಹೇಳುವುದಿಲ್ಲ. ಜೈನ ಸಂಪ್ರದಾಯದ ಪ್ರಕಾರ ಅದೇ ಚಂದ್ರಗುಪ್ತ ರಾಜ್ಯ ಬಿಟ್ಟು ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನದಿಂದ ದೇಹ ಬಿಟ್ಟನೆಂಬುದು ಆಟದ ಯಾವ ಗೆಲುವಿನ ದಾರಿಗೂ ಹೊಂದುವುದಿಲ್ಲ. ನಿಮ್ಮೂರಿಂದ ಅರಸೀಕೆರೆ ಕಡೆಗೆ ಹೋದರೆ ಚಂದ್ರಗಿರಿ ಒಂದು ದಿನದ ದಾರಿ. ಮಗನನ್ನು ಕರೆದುಕೊಂಡು ಹೋಗಿ.

ಈ ಬಗೆಯ ಆಟಗಳನ್ನು ‘ಫೋರ್ ಎಕ್ಸ್’ ಎಂದು ಕರೆಯುತ್ತಾರೆ. ನಾಲ್ಕು ಇಂಗ್ಲಿಷ್ ಕ್ರಿಯಾಪದಗಳಿಂದ 1993ರಲ್ಲಿ ಹುಟ್ಟಿದ ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹುಡುಕು, ಹಬ್ಬು, ಹಿಂಡು, ಹೊಸಕು. ಊರು ಕಟ್ಟಿದವರಿಗೆ ಮಾತ್ರ ಇಲ್ಲಿ ಹೆಸರು, ಬಾವುಟ, ಚರಿತ್ರೆ. ಊರ ಹೊರಗಿನವರನ್ನು ಆಟ ‘ಬಾರ್ಬೇರಿಯನ್’, ಅಂದರೆ ಅನಾಗರಿಕರು, ಎಂದು ಕರೆದು ಹೊಡೆದು ಹಾಕಲು ಬಿಡುತ್ತದೆ. ಸೋಲಿಗರನ್ನೂ ಜೇನುಕುರುಬರನ್ನೂ ಬಲ್ಲ ನಾಡಿನ ಮಗುವಿನ ಹತ್ತಿರ ಈ ಪದದ ಬಗ್ಗೆ ಎರಡು ಮಾತಾಡುವುದು ಒಳ್ಳೆಯದು. ಇದು ನನ್ನೊಬ್ಬನ ತಕರಾರಲ್ಲ. ಕ್ರೀ ಎಂಬ ಮೂಲನಿವಾಸಿ ಜನಾಂಗದ ಹತ್ತೊಂಬತ್ತನೆಯ ಶತಮಾನದ ನಾಯಕ ಪೌಂಡ್‌ಮೇಕರನನ್ನು 2018ರಲ್ಲಿ ಆಟಕ್ಕೆ ಸೇರಿಸಿದಾಗ ಕೆನಡಾದ ಪೌಂಡ್‌ಮೇಕರ್ ಕ್ರೀ ಸಮುದಾಯದ ಮುಖಂಡರು ಬಹಿರಂಗವಾಗಿಯೇ ಆಕ್ಷೇಪಿಸಿದರು: ಇತರರ ನೆಲ ಗೆಲ್ಲುವುದು ವಸಾಹತುಗಾರರ ಮೌಲ್ಯ, ಅದನ್ನು ನಮ್ಮ ಹಿರಿಯನ ತಲೆಗೆ ಕಟ್ಟಬೇಡಿ ಎಂಬುದು ಅವರ ಮಾತಿನ ಸಾರ. ಹನ್ನೆರಡು ವರ್ಷದ ಹುಡುಗನಿಗೆ ಈ ಆಕ್ಷೇಪ ಅರ್ಥವಾಗುತ್ತದೆ. ಎಂಟು ವರ್ಷದವನಿಗೆ ಆಗುವುದಿಲ್ಲ. ವಯಸ್ಸಿನ ಗೆರೆಯನ್ನು ನಾನು ಎಳೆಯುವುದು ಈ ಜಾಗದಲ್ಲಿ.

ಬಾಂಬಿಗಿಂತ ಹೆಚ್ಚು ಮಾತಿಗೆ ಕಾರಣವಾಗಬಲ್ಲ ಇನ್ನೊಂದು ಅಂಶವನ್ನು ಮೊದಲೇ ತಿಳಿಸುತ್ತೇನೆ. ಆಟಗಾರ ಒಂದು ಧರ್ಮವನ್ನು ಸ್ಥಾಪಿಸಬಹುದು. ಹಿಂದೂ, ಇಸ್ಲಾಂ, ಬೌದ್ಧ, ಸಿಖ್ ಮುಂತಾದ ನಿಜವಾದ ಹೆಸರುಗಳೇ ಅಲ್ಲಿವೆ. ಪ್ರಚಾರಕರನ್ನು ಕಳಿಸಿ ನೆರೆ ನಗರಗಳನ್ನು ಮತಾಂತರಿಸಿ, ಎಲ್ಲ ದೇಶಗಳಲ್ಲಿಯೂ ತನ್ನ ಧರ್ಮವೇ ಮೇಲುಗೈಯಾದರೆ ಅದೂ ಒಂದು ಗೆಲುವು. ಮಾವನವರು ಮತ್ತೆ ಹಿಂದೆ ಬಂದು ನಿಲ್ಲುವ ಮುನ್ನ ನೀವೂ ಮಗನೂ ಇದರ ಬಗ್ಗೆ ಮಾತಾಡಿಕೊಂಡಿರಿ. ಬೇಡವೆನಿಸಿದರೆ ಆಟ ಹೂಡುವಾಗ ಆ ಗೆಲುವಿನ ದಾರಿಯನ್ನೂ, ಯುದ್ಧದ ಗೆಲುವನ್ನೂ, ಬಾರ್ಬೇರಿಯನ್‌ಗಳನ್ನೂ ಆಯ್ಕೆಗಳ ಪಟ್ಟಿಯಲ್ಲಿ ಮುಚ್ಚಿಬಿಡಬಹುದು.

ಒಟ್ಟಿನಲ್ಲಿ, ಅಳಿಸಬೇಡಿ. ಒಂದು ಭಾನುವಾರ ಕಾಫಿ ಲೋಟ ಹಿಡಿದು ಅವನ ಪಕ್ಕದಲ್ಲಿ ಕುಳಿತು ನೂರು ಸರದಿ ನೋಡಿ. ಪರ್ವತದ ಪಕ್ಕದಲ್ಲಿ ವಿದ್ಯಾಕೇಂದ್ರ ಕಟ್ಟಿದರೆ ಲಾಭ ಹೆಚ್ಚು ಎಂದು ಅವನು ಲೆಕ್ಕ ಹಾಕಿ ಜಾಗ ಕಾಯ್ದಿರಿಸುತ್ತಾನೆಯೇ, ಸಿಕ್ಕಸಿಕ್ಕಲ್ಲಿ ಒತ್ತುತ್ತಾನೆಯೇ? ಒಂದು ನಗರ ಕಳೆದುಕೊಂಡಾಗ ಮೊದಲು ಉಳಿಸಿಟ್ಟ ಆಟಕ್ಕೆ ಹಿಂದೆ ಓಡುತ್ತಾನೆಯೇ, ಸೋಲನ್ನು ನುಂಗಿ ಮುಂದೆ ಆಡುತ್ತಾನೆಯೇ? ನನ್ನ ತಂಗಿಯ ಮಗಳು ಎಲ್ಲ ನಗರಗಳಲ್ಲಿಯೂ ಕಲ್ಲಿದ್ದಲು ಸುಟ್ಟು ಬೀಗುತ್ತಿದ್ದಳು. 2019ರ ವಿಸ್ತರಣೆಯಲ್ಲಿ ಹಾಗೆ ಮಾಡಿದರೆ ಸಮುದ್ರ ಏರುತ್ತದೆ. ಅವಳ ಕರಾವಳಿಯ ಎರಡು ಮನೆಗಳು ಶಾಶ್ವತವಾಗಿ ಮುಳುಗಿದಾಗ ಅವಳು ಲ್ಯಾಪ್‌ಟಾಪ್ ಮುಚ್ಚಲಿಲ್ಲ, ‘ಎಷ್ಟನೇ ಟರ್ನಲ್ಲಿ ನಿಲ್ಲಿಸಿದ್ರೆ ಉಳೀತಿತ್ತು ಮಾಮ?’ ಎಂದು ಕೇಳಿದಳು. ಅಂದಿನಿಂದ ಆ ಆಟ ಅವಳಿಗೆ ಹೊಂದುತ್ತದೆಯೇ ಎಂಬ ಅನುಮಾನ ನನಗೆ ಬರಲಿಲ್ಲ. ಆಗ ಅವಳಿಗೆ ಹದಿಮೂರು.

ಪ್ರಶ್ನೆ: ನಾವು ಡಬ್ಲಿನ್ನಿನಲ್ಲಿದ್ದೇವೆ. ಇದೇ ಆಟದ ಮೇಲೆ ಇಲ್ಲಿ 12 ಎಂಬ ಗುರುತಿದೆ; ಅಮೆರಿಕದಲ್ಲಿರುವ ನಮ್ಮ ಅಕ್ಕನ ಮನೆಯ ಡಬ್ಬಿಯ ಮೇಲೆ 10+ ಎಂದಿದೆ. ನಮ್ಮ ಮಗನಿಗೆ ಹನ್ನೊಂದು. ಯಾವುದನ್ನು ನಂಬಬೇಕು?
— ಓದುಗರೊಬ್ಬರು, ಐರ್ಲೆಂಡ್

ಉತ್ತರ: ಎರಡನ್ನೂ ನಂಬಿ, ಆದರೆ ಅವು ಹೇಳುವಷ್ಟನ್ನು ಮಾತ್ರ. ಅಮೆರಿಕದ ಗುರುತು ಕೊಡುವುದು 1994ರಲ್ಲಿ ಶುರುವಾದ ಇಎಸ್‌ಆರ್‌ಬಿ, ನಿಮ್ಮಲ್ಲಿಯದು 2003ರ ಪೆಗಿ. ಇಬ್ಬರೂ ನೋಡುವುದು ಹಿಂಸೆ, ಬೈಗುಳ, ಜೂಜು, ಮಾದಕ ವಸ್ತು, ಹೆದರಿಕೆ ಇಂಥವನ್ನು. ಮನುಷ್ಯರೂಪದ ಪಾತ್ರಗಳ ಮೇಲಿನ ಹಿಂಸೆಯ ವಿಷಯದಲ್ಲಿ ಇಬ್ಬರ ಅಳತೆಗೋಲು ಬೇರೆಬೇರೆ ಇರುವುದರಿಂದ ಎರಡು ವರ್ಷದ ಅಂತರ ಬಂದಿದೆ. ನಮ್ಮ ಸಿನಿಮಾಗಳಿಗೆ ಸೆನ್ಸಾರ್ ಮಂಡಳಿ ಯು, ಎ ಎಂದು ಗುರುತು ಕೊಡುತ್ತದಲ್ಲ, ಹಾಗೆ. ಯು ಸಿಕ್ಕಿತೆಂದ ಮಾತ್ರಕ್ಕೆ ಮಗುವಿಗೆ ಕಥೆ ಅರ್ಥವಾಗುತ್ತದೆ ಎಂದೇನೂ ಇಲ್ಲ.

ಪೆಗಿಯವರೇ ಇದನ್ನು ಸ್ಪಷ್ಟವಾಗಿ ಹೇಳಿಕೊಂಡಿದ್ದಾರೆ: ಆ ಅಂಕಿ ಆಟದ ಒಳವಸ್ತು ಯಾವ ವಯಸ್ಸಿಗೆ ಹೊಂದುತ್ತದೆ ಎಂಬುದನ್ನು ತಿಳಿಸುತ್ತದೆಯೇ ಹೊರತು ಆಟ ಎಷ್ಟು ಕಷ್ಟ ಎಂಬುದನ್ನಲ್ಲ. ಚದುರಂಗಕ್ಕೆ ಈ ಗುರುತು ಹಾಕಿದರೆ 3 ಎಂದು ಬಂದೀತು. ಮೂರು ವರ್ಷದ ಮಗು ಕುದುರೆಯ ನಡೆ ಕಲಿಯುವುದಿಲ್ಲ. ಹಾಗಾಗಿ ಹನ್ನೊಂದಕ್ಕೂ ಹನ್ನೆರಡಕ್ಕೂ ನಡುವಿನ ಆ ಒಂದು ವರ್ಷದ ಬಗ್ಗೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಕೇಳಬೇಕಾದದ್ದು ಓದಿನ ಬಗ್ಗೆ. ಈ ಆಟ ಪರದೆಯ ತುಂಬ ಸಣ್ಣಕ್ಷರ ಸುರಿಯುತ್ತದೆ, ಪ್ರತಿ ಕಟ್ಟಡಕ್ಕೂ ನಾಲ್ಕು ಸಾಲಿನ ವಿವರ, ಒಳಗೇ ಒಂದು ವಿಶ್ವಕೋಶ. ಕನ್ನಡದಲ್ಲಿ ಇಲ್ಲ, ಭಾರತದ ಬೇರೆ ಯಾವ ಭಾಷೆಯಲ್ಲಿಯೂ ಇಲ್ಲ. ನಿಮ್ಮ ಮಗ ಅಲ್ಲಿಯ ಶಾಲೆಯಲ್ಲಿ ಓದುತ್ತಿರುವುದರಿಂದ ಇಂಗ್ಲಿಷ್ ಅಡ್ಡಿಯಾಗಲಾರದು. ಇಲ್ಲಿ ಕನ್ನಡ ಮಾಧ್ಯಮದ ಹನ್ನೊಂದರ ಮಗುವಿಗೆ ಅದೇ ಆಟ ಒಬ್ಬನೇ ಕುಳಿತರೆ ಗೋಡೆಯಾಗಬಹುದು, ಅಣ್ಣನೋ ಅಕ್ಕನೋ ಪಕ್ಕದಲ್ಲಿದ್ದರೆ ಒಳ್ಳೆಯ ಇಂಗ್ಲಿಷ್ ಪಾಠವಾಗಬಹುದು. ಎಂಟು ಕಠಿಣತೆಯ ಮಟ್ಟಗಳಿವೆ. ಅತಿ ಸುಲಭದ ‘ಸೆಟ್ಲರ್’ನಿಂದಲೇ ಶುರು ಮಾಡಿಸಿ, ‘ಪ್ರಿನ್ಸ್’ ಮಟ್ಟಕ್ಕೆ ಹಾರಲು ಅವನು ಆತುರಪಟ್ಟರೂ ಬಿಡಬೇಡಿ.

ಪ್ರಶ್ನೆ: ಮಗಳಿಗೆ ಹದಿನೈದು, ಈ ವರ್ಷ ಎಸ್ಸೆಸ್ಸೆಲ್ಸಿ. ಮೊದಲು ಒಬ್ಬಳೇ ಆಡುತ್ತಿದ್ದಳು, ಈಗ ಯಾರ್ಯಾರ ಜೊತೆಗೋ ಆನ್‌ಲೈನಿನಲ್ಲಿ ಆಡುತ್ತಾಳೆ. ಹೊಸ ಹೊಸ ‘ಪ್ಯಾಕ್’ ಬೇಕೆಂದು ದುಡ್ಡು ಕೇಳುತ್ತಾಳೆ. ಇದು ಆನ್‌ಲೈನ್ ರಮ್ಮಿಯ ಹಾಗೆ ಚಟವಾಗುವುದೇ? ಸರ್ಕಾರ ಇಂಥವನ್ನು ನಿಷೇಧಿಸಿತು ಎಂದು ಓದಿದ್ದೆ.
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎರಡು ಬೇರೆ ಸಂಗತಿಗಳು ಇಲ್ಲಿ ಕಲಸಿಕೊಂಡಿವೆ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿರುವುದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ನಿಮ್ಮ ಮಗಳ ಆಟದಲ್ಲಿ ಪಣವೂ ಇಲ್ಲ, ಗೆದ್ದರೆ ರೂಪಾಯಿಯೂ ಇಲ್ಲ. ಆದರೆ ಕಂಪನಿಗೆ ವ್ಯಾಪಾರ ಗೊತ್ತಿದೆ: 2016ರಲ್ಲಿ ಮೂಲ ಆಟ, 2018 ಮತ್ತು 2019ರಲ್ಲಿ ಒಂದೊಂದು ವಿಸ್ತರಣೆ, ಆಮೇಲೆ ಹೊಸ ನಾಯಕರ ಕಂತುಗಳು, ಹೀಗೆ ಒಂದೇ ಸೀರೆಯನ್ನು ಸೆರಗು ಬೇರೆ, ಒಡಲು ಬೇರೆ ಮಾಡಿ ಮಾರುತ್ತಾರೆ. 2020ರ ಮೇ ತಿಂಗಳಲ್ಲಿ ಮೂಲ ಆಟವನ್ನು ಒಂದು ವಾರ ಉಚಿತವಾಗಿಯೇ ಹಂಚಿದ್ದರು. ಕಂಪನಿಗೆ ಲಾಭ ಎಲ್ಲಿಂದ ಎಂಬುದು ಇದರಿಂದಲೇ ತಿಳಿಯುತ್ತದೆ. ದೊಡ್ಡ ರಿಯಾಯಿತಿಗಳು ವರ್ಷಕ್ಕೆ ಹಲವು ಸಲ ಬರುತ್ತವೆ. ಪೂರ್ತಿ ಬೆಲೆಗೆ ಯಾವ ಪ್ಯಾಕನ್ನೂ ಕೊಡಿಸಬೇಡಿ. ಕೊಡಿಸುವುದಾದರೆ 2019ರ ವಿಸ್ತರಣೆಯೊಂದು ಸಾಕು.

ಅಪರಿಚಿತರ ಜೊತೆಗಿನ ಆಟಕ್ಕೆ ನಾನು ನೇರವಾಗಿ ಬೇಡ ಎನ್ನುತ್ತೇನೆ, ಈ ವರ್ಷವಂತೂ ಬೇಡ. ಹರಟೆಯಲ್ಲಿ ಯಾರು ಏನು ಮಾತಾಡುತ್ತಾರೆಂಬ ಭಯ ಒಂದು ಕಡೆ. ಶಿವಮೊಗ್ಗದ ತಾಯಿಗೆ ಹೇಳಿದ ಅನುಕೂಲ, ಅಂದರೆ ಯಾವಾಗ ಬೇಕಾದರೂ ಎದ್ದು ಬರುವ ಸ್ವಾತಂತ್ರ್ಯ, ಅಲ್ಲಿ ಇಲ್ಲವಾಗುತ್ತದೆ ಎಂಬುದು ಇನ್ನೊಂದು. ಆಡಲೇಬೇಕೆಂದರೆ ಶಾಲೆಯ ಗೆಳತಿಯರೊಂದಿಗೆ, ಮೊದಲೇ ಗೊತ್ತುಮಾಡಿದ ಹೊತ್ತಿನಲ್ಲಿ ಆಡಲಿ. ಆಟವನ್ನು ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಿಂದ ಕೊಂಡಿದ್ದರೆ, 2024ರಿಂದ ಅಲ್ಲಿ ಕುಟುಂಬದ ಖಾತೆ ಎಂಬ ಏರ್ಪಾಡಿದೆ. ನೀವು ದೊಡ್ಡವರಾಗಿ ಸೇರಿಕೊಂಡರೆ ಮಗಳ ಆಟದ ಹೊತ್ತಿಗೆ ಮಿತಿ ಹಾಕಬಹುದು, ಅವಳು ಕೇಳಿದ ಖರೀದಿಗೆ ನಿಮ್ಮ ಒಪ್ಪಿಗೆ ಬೇಕಾಗುವಂತೆ ಮಾಡಬಹುದು. ಗುಟ್ಟಾಗಿ ಮಾತ್ರ ಮಾಡಬೇಡಿ, ಅವಳನ್ನು ಎದುರಿಗೆ ಕೂರಿಸಿಕೊಂಡೇ ಮಾಡಿ. ಹದಿನೈದರ ಹುಡುಗಿಗೆ ಬೆನ್ನ ಹಿಂದಿನ ಬೀಗ ಅವಮಾನವೆನಿಸುತ್ತದೆ, ಮರುದಿನವೇ ಅದನ್ನು ತೆಗೆಯುವ ವಿದ್ಯೆಯನ್ನು ಅವಳು ಕಲಿತಿರುತ್ತಾಳೆ.

ಚಟದ ಬಗ್ಗೆ: ಪರೀಕ್ಷೆಯ ವರ್ಷದಲ್ಲಿ ಆಟ ಕಂಡರೆ ಎಲ್ಲ ಅಪ್ಪಂದಿರಿಗೂ ಅದು ಚಟದಂತೆಯೇ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿದೆ, ಆದರೆ ಅದರ ಮಾತು ಬಿಗಿಯಾದದ್ದು: ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗಿರಬೇಕು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಯುತ್ತಿರಬೇಕು, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹಾಗೆ ನಡೆದಿರಬೇಕು. ಊಟ, ನಿದ್ದೆ, ಗೆಳತಿಯರು ಮೊದಲಿನಂತೆಯೇ ಇದ್ದರೆ ನೀವು ಆ ಹೆಸರು ಹಿಡಿಯಬೇಡಿ. ಅವು ಕುಸಿಯುತ್ತಿವೆ ಎನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಕ್ಲಿನಿಕ್ ನಡೆಯುತ್ತಿದೆ. ಫೋನಿನಲ್ಲಿ ಕೇಳುವುದಾದರೆ ಸರ್ಕಾರದ ಟೆಲಿ-ಮಾನಸ್ 14416.

ಪ್ರಶ್ನೆ: ನನಗೆ ಎಪ್ಪತ್ತೊಂದು, ಕಂಪ್ಯೂಟರ್ ಬಾರದು. ಮೊಮ್ಮಗ ಇಂಥದ್ದೇ ಯುದ್ಧತಂತ್ರದ ಆಟ ಆಡುತ್ತಾನೆ. ಪಕ್ಕದಲ್ಲಿ ಕುಳಿತರೆ ಏನು ಕೇಳಬೇಕೆಂದು ತೋಚುವುದಿಲ್ಲ.
— ಓದುಗರೊಬ್ಬರು, ತುಮಕೂರು

ಉತ್ತರ: ನೀವು ಆಡುಹುಲಿ ಆಡಿದವರಿರಬೇಕು. ಮೂರು ಹುಲಿ, ಹದಿನೈದು ಆಡು. ಹುಲಿಗೆ ಹಾರುವ ಬಲ, ಆಡಿಗೆ ಸುತ್ತುಗಟ್ಟುವ ಬಲ. ಅದು ಗೊತ್ತಿದ್ದವರಿಗೆ ಇದು ಹೊಸದಲ್ಲ, ಕಲ್ಲು ಚಪ್ಪಡಿಯ ಬದಲು ತೆರೆ ಬಂದಿದೆ ಅಷ್ಟೆ. ಗುಂಡಿಗಳ ಬಗ್ಗೆ ಕೇಳಬೇಡಿ. ‘ಪಕ್ಕದ ರಾಜ ನಿನ್ನ ಮೇಲೆ ಯಾಕಪ್ಪಾ ಮುನಿಸಿಕೊಂಡಿದ್ದಾನೆ?’ ಎಂದು ಕೇಳಿ. ಸಿವಿಲೈಸೇಶನ್ ಆಟವಾದರೆ ಆ ಮುನಿಸಿನ ಕಾರಣಗಳನ್ನು ಅಂಕಿಗಳ ಸಮೇತ ತೆರೆದು ನೋಡಬಹುದು: ಮಾತು ಕೊಟ್ಟು ತಪ್ಪಿದ್ದಕ್ಕೆ ಇಷ್ಟು, ಗಡಿಯ ಹತ್ತಿರ ಊರು ಹೂಡಿದ್ದಕ್ಕೆ ಇಷ್ಟು. ಅವನು ಅದನ್ನು ನಿಮಗೆ ಓದಿ ಹೇಳಲಿ. ಆಮೇಲೆ ನಿಮ್ಮ ಮನೆಯಲ್ಲಿ ಆಡುಹುಲಿಯ ಗೆರೆ ಬರೆದು ಒಂದು ಪಟ್ಟು ಆಡಿ, ಹುಲಿ ಅವನಿಗಿರಲಿ. ಯಾರು ಗೆದ್ದಿರಿ ಎಂದು ಬರೆದು ತಿಳಿಸಿ.